ಊರ ನಡುವಿನ ಹಳ್ಳ: ರೋಮಿನ ಆಗಸ್ಟಸ್ ಸಮಾಧಿಯ ಪ್ರಕರಣ

2014ರ ಆಗಸ್ಟ್ 19ಕ್ಕೆ ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ತೀರಿಕೊಂಡು 2000 ವರ್ಷ ತುಂಬಿತು. ಅವನ ಸಮಾಧಿ ಇರುವುದು ರೋಮ್ ನಗರದ ನಟ್ಟನಡುವೆ. ಬಟ್ಟೆ, ಚಪ್ಪಲಿ ಅಂಗಡಿಗಳಿಂದ ತುಂಬಿ ತುಳುಕುವ ವಿಯಾ ದೆಲ್ ಕೊರ್ಸೊ ರಸ್ತೆಯಿಂದ ಅಲ್ಲಿಗೆ ಕೆಲವೇ ನಿಮಿಷದ ನಡಿಗೆ. ಇಂಥ ದಿನ ಅಲ್ಲಿ ಜನಜಂಗುಳಿ ಇರಬೇಕಿತ್ತು ಅಲ್ವಾ? ಆದರೆ ಸಮಾಧಿಗೆ ಬೀಗ ಬಿದ್ದು ಆಗಲೇ ಏಳು ವರ್ಷವಾಗಿತ್ತು. ಅದು ಸಾಲದು ಎಂಬಂತೆ ಅದೇ ತಿಂಗಳು ನೀರಿನ ಪೈಪು ಒಡೆದು ಸುತ್ತಲಿನ ಹಳ್ಳದಲ್ಲಿ ನೀರು ನಿಂತಿತು. ಸುತ್ತ ಕಳೆ ಬೆಳೆದಿತ್ತು. ಹಳ್ಳದಲ್ಲಿ ಕಸವಿತ್ತು. ರೋಮಿನ ಜನ ಈ ಜಾಗಕ್ಕೆ ಬಹಳ ಹಿಂದೆಯೇ ಒಂದು ಅಡ್ಡಹೆಸರು ಇಟ್ಟಿದ್ದರು: ಹುಳುಕು ಹಲ್ಲು.

ಇದೇನು ಊರಾಚೆ ಪೊದೆಯಲ್ಲಿ ಬಿದ್ದಿದ್ದ ಯಾವುದೋ ಕಲ್ಲುರಾಶಿಯಲ್ಲ. ರೋಮನ್ ಜಗತ್ತಿನ ಅತಿ ದೊಡ್ಡ ದುಂಡು ಸಮಾಧಿ. ಅಡ್ಡಗಲ ಸುಮಾರು 87 ಮೀಟರ್. ಅದೇ ನಗರದಲ್ಲಿ ಕೊಲೋಸಿಯಮ್ ಮುಂದೆ ದಿನವಿಡೀ ಸಾಲು ನಿಲ್ಲುತ್ತದೆ. ಪ್ಯಾಂಥಿಯನ್ ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಹಾಗಿದ್ದಾಗ, ಇವೆಲ್ಲ ಕಟ್ಟಡಗಳಿಗಿಂತ ಹಳೆಯದಾದ, ಸಾಮ್ರಾಜ್ಯ ಕಟ್ಟಿದವನದೇ ಸಮಾಧಿ ಯಾಕೆ ಹೀಗಾಯಿತು?

‘ಜನ ಬಳಸಿ ಬಳಸಿ ಹಾಳು ಮಾಡಿದರು’ ಎನ್ನುವುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಈ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ನನಗೆ ಕಾಣುವುದು ಬೇರೆ. ಬಳಸುತ್ತಿದ್ದ ಕಾಲದುದ್ದಕ್ಕೂ ಈ ಸಮಾಧಿ ಊರಿನ ಜೊತೆ ಬದುಕಿತ್ತು. ಅದನ್ನು ‘ಶುದ್ಧ’ ಮಾಡಿ, ಸುತ್ತ ಬಯಲು ಮಾಡಿ, ಬೇಲಿ ಹಾಕಿದ ಮೇಲೆಯೇ ಅನಾಥವಾಯಿತು.

ಕಟ್ಟಿದಾಗಲೇ ಅದು ಪಾರ್ಕು

ಸಮಾಧಿಯ ಕೆಲಸ ಕ್ರಿ.ಪೂ. 28ರ ಹೊತ್ತಿನದು. ಆಗ ಕಟ್ಟಿಸಿದವನಿಗೆ ವಯಸ್ಸು 35ರ ಆಸುಪಾಸು. ಆಗಸ್ಟಸ್ ಎಂಬ ಬಿರುದು ಇನ್ನೂ ಬಂದಿರಲಿಲ್ಲ, ಹೆಸರು ಒಕ್ಟೇವಿಯನ್. ಆ ವಯಸ್ಸಿಗೆ ಯಾರಾದರೂ ಇಷ್ಟು ದೊಡ್ಡ ಸಮಾಧಿ ಕಟ್ಟಿಸಿಕೊಳ್ಳುತ್ತಾರಾ? ಅದಕ್ಕೊಂದು ರಾಜಕೀಯ ಕಾರಣ ಇತ್ತು. ಅವನ ಎದುರಾಳಿ ಮಾರ್ಕ್ ಆಂಟನಿ ತನ್ನನ್ನು ಈಜಿಪ್ಟಿನಲ್ಲಿ, ಕ್ಲಿಯೋಪಾತ್ರಳ ಪಕ್ಕ ಮಣ್ಣು ಮಾಡಬೇಕು ಎಂದು ಉಯಿಲು ಬರೆದಿದ್ದಾನೆ ಎಂಬ ಸುದ್ದಿ ರೋಮನ್ನು ಕೆರಳಿಸಿತ್ತು. ‘ನಾನು ಮಾತ್ರ ಇಲ್ಲಿಯವನು, ನನ್ನ ಮನೆಯವರೆಲ್ಲ ಇಲ್ಲೇ ಮಲಗುತ್ತಾರೆ’ ಎಂದು ಸಾರುವುದಕ್ಕೆ ಇದಕ್ಕಿಂತ ದೊಡ್ಡ ಫಲಕ ಬೇಕಿರಲಿಲ್ಲ.

ಜಾಗ ತೈಬರ್ ನದಿಗೂ ಉತ್ತರಕ್ಕೆ ಹೋಗುವ ಫ್ಲಮೀನಿಯ ಹೆದ್ದಾರಿಗೂ ನಡುವೆ. ಭೂಗೋಳ ಬರೆದ ಸ್ಟ್ರಾಬೊ ಇದನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾನೆ. ಬಿಳಿ ಕಲ್ಲಿನ ಎತ್ತರದ ತಳ, ಅದರ ಮೇಲೆ ಮಣ್ಣಿನ ದಿಬ್ಬ, ದಿಬ್ಬದ ತುದಿಯವರೆಗೂ ಸದಾ ಹಸಿರಾಗಿರುವ ಮರಗಳು, ನೆತ್ತಿಯ ಮೇಲೆ ಆಗಸ್ಟಸ್‌ನ ಕಂಚಿನ ಪ್ರತಿಮೆ. ಹಿಂದೆ ದೊಡ್ಡ ತೋಪು, ಅಡ್ಡಾಡಲು ದಾರಿಗಳು. ಆ ತೋಪನ್ನೂ ದಾರಿಗಳನ್ನೂ ಸಮಾಧಿ ಕಟ್ಟಿದ ಕಾಲದಲ್ಲೇ ಜನರ ಬಳಕೆಗೆ ಬಿಟ್ಟುಕೊಟ್ಟ ಎಂದು ಜೀವನಚರಿತ್ರೆಕಾರ ಸ್ವೆಟೋನಿಯಸ್ ಬರೆದಿದ್ದಾನೆ.

ಈ ಕೊನೆಯ ವಿವರವನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಮೊದಲ ದಿನದಿಂದಲೂ ಇದು ಸಂಜೆ ಹೊತ್ತು ಜನ ಬಂದು ಓಡಾಡುವ ಜಾಗ.

ಮೊದಲು ಒಳಗೆ ಹೋದದ್ದು ಆಗಸ್ಟಸ್‌ನ ಅಕ್ಕನ ಮಗ ಮಾರ್ಸೆಲ್ಲಸ್‌ನ ಬೂದಿ, ಕ್ರಿ.ಪೂ. 23ರಲ್ಲಿ. ಹುಡುಗ ಇನ್ನೂ ಇಪ್ಪತ್ತರ ಆಚೀಚೆ ಇದ್ದ. ಅವನನ್ನೇ ವಾರಸುದಾರ ಮಾಡುವ ಯೋಚನೆ ಇತ್ತು. ಮುಂದೆ ಅಳಿಯ ಅಗ್ರಿಪ್ಪ ಹೋದ. ಮಲಮಗ ಡ್ರೂಸಸ್ ಹೋದ. ಮೊಮ್ಮಕ್ಕಳಾದ ಲೂಸಿಯಸ್ ಮತ್ತು ಗಾಯಸ್ ಇಬ್ಬರೂ ಹೋದರು. ತನ್ನ ನಂತರ ಬರಲಿ ಎಂದು ಒಬ್ಬೊಬ್ಬರನ್ನೇ ಬೆಳೆಸಿದ ಮುದುಕ, ಒಬ್ಬೊಬ್ಬರದೇ ಬೂದಿಯನ್ನು ಒಳಗಿಟ್ಟು ಬಂದ. ಕ್ರಿ.ಶ. 14ರಲ್ಲಿ ಅವನ ಸರದಿ ಬಂತು. ಸ್ವಂತ ಮಗಳು ಜೂಲಿಯಾಗೆ ಮಾತ್ರ ಇಲ್ಲಿ ಜಾಗ ಕೊಡಲಿಲ್ಲ. ಅವಳ ನಡತೆಯ ಮೇಲಿನ ಸಿಟ್ಟಿನಿಂದ ಗಡೀಪಾರು ಮಾಡಿದ್ದ, ಉಯಿಲಿನಲ್ಲೂ ಅವಳನ್ನು ಸಮಾಧಿಯಿಂದ ಹೊರಗಿಟ್ಟ. ಕೊನೆಯದಾಗಿ ಇಲ್ಲಿ ಸೇರಿದ ಚಕ್ರವರ್ತಿ ನೆರ್ವ, ಕ್ರಿ.ಶ. 98ರಲ್ಲಿ.

ಕೋಟೆ, ತೋಟ, ಗೂಳಿ ಕಾಳಗ, ಸಂಗೀತ

ಸಾಮ್ರಾಜ್ಯ ಬಿದ್ದ ಮೇಲಿನ ಕತೆ ಸುಂದರವಾದದ್ದೇನಲ್ಲ. ಹೊರಗಿನ ಬಿಳಿ ಟ್ರಾವರ್ಟೀನ್ ಕಲ್ಲನ್ನೆಲ್ಲ ಜನ ಕಿತ್ತೊಯ್ದರು. ಮುಂಬಾಗಿಲಲ್ಲಿದ್ದ ಎರಡು ಕೆಂಪು ಗ್ರಾನೈಟ್ ಒಬೆಲಿಸ್ಕ್ ಕಂಬಗಳು ಉರುಳಿ ಮಣ್ಣಲ್ಲಿ ಹೂತವು. ಒಂದನ್ನು 1587ರಲ್ಲಿ ಸಾಂತಾ ಮರಿಯಾ ಮಜ್ಜೋರೆ ಚರ್ಚಿನ ಹಿಂಬದಿಗೆ, ಇನ್ನೊಂದನ್ನು 1786ರಲ್ಲಿ ಕ್ವಿರಿನಾಲ್ ಗುಡ್ಡಕ್ಕೆ ಸಾಗಿಸಿ ನಿಲ್ಲಿಸಿದರು. ಇವತ್ತಿಗೂ ಅವು ಅಲ್ಲೇ ಇವೆ. ಸಮಾಧಿ ನೋಡಲು ಹೋಗುವವರು ಇವೆರಡನ್ನೂ ನೋಡಿಬಂದರೆ ಬಾಗಿಲು ಎಷ್ಟು ಗತ್ತಿನದಾಗಿತ್ತು ಎಂಬ ಅಂದಾಜು ಸಿಗುತ್ತದೆ.

ಆಗಸ್ಟಸ್‌ನ ಮೊಮ್ಮಗಳು ಅಗ್ರಿಪ್ಪೀನಾಳ ಬೂದಿ ಇಟ್ಟಿದ್ದ ದೊಡ್ಡ ಕಲ್ಲಿನ ಪೆಟ್ಟಿಗೆಯ ಪಾಡು ಇನ್ನೂ ವಿಚಿತ್ರ. ಅವಳು ದೇಶಭ್ರಷ್ಟಳಾಗಿ ದ್ವೀಪವೊಂದರಲ್ಲಿ ಸತ್ತಿದ್ದಳು. ಮಗ ಕಲಿಗುಲ ಪಟ್ಟಕ್ಕೆ ಬಂದ ಕೂಡಲೇ ಸ್ವತಃ ಹಡಗೇರಿ ಹೋಗಿ ಬೂದಿ ತಂದು ಇಲ್ಲಿಟ್ಟ. ಮಧ್ಯಯುಗದಲ್ಲಿ ಆ ಪೆಟ್ಟಿಗೆ ನಗರದ ಕಾಳು ಅಳೆಯುವ ಮಾಪಾಯಿತು. ಬೂದಿ ಇದ್ದ ಗುಂಡಿಗೆ ಗೋಧಿ ಸುರಿದು ಅಳೆದರು. ಅದೀಗ ಕ್ಯಾಪಿಟೋಲಿನ್ ಮ್ಯೂಸಿಯಮ್ಮಿನಲ್ಲಿದೆ. ಮುಂಭಾಗದಲ್ಲಿ ಅವಳ ಹೆಸರು, ಮನೆತನ ಎಲ್ಲ ಸ್ಪಷ್ಟವಾಗಿ ಓದಬಹುದು. ನನಗೆ ಇದು ಅವಮಾನ ಅನ್ನಿಸುವುದಿಲ್ಲ. ಗೋಧಿ ಅಳೆಯಲು ಬೇಕಾಗಿದ್ದರಿಂದಲೇ ಅದನ್ನು ಯಾರೂ ಒಡೆದು ಸುಣ್ಣ ಸುಡಲಿಲ್ಲ. ಉಳಿದವರ ಬೂದಿಪಾತ್ರೆಗಳಲ್ಲಿ ಬಹುಪಾಲು ಎಲ್ಲಿ ಹೋದವೋ!

ಕಟ್ಟಡಕ್ಕೂ ಹೀಗೇ ಆಯಿತು. 12ನೇ ಶತಮಾನದಲ್ಲಿ ಕೊಲೊನ್ನಾ ಮನೆತನ ಅದನ್ನು ಕೋಟೆ ಮಾಡಿಕೊಂಡಿತು. 1354ರಲ್ಲಿ ರೋಮಿನ ಜನನಾಯಕ ಕೋಲಾ ದಿ ರಿಯೆಂಜೊನನ್ನು ಜನರೇ ಕೊಂದಾಗ ಅವನ ಹೆಣವನ್ನು ಸುಟ್ಟದ್ದು ಇಲ್ಲೇ. 16ನೇ ಶತಮಾನದಲ್ಲಿ ಸೊದೆರೀನಿ ಮನೆತನದವರು ಒಳಗಿನ ಗುಂಡಗಿನ ಬಯಲಿನಲ್ಲಿ ತೋಟ ಮಾಡಿ ಹಳೆ ಪ್ರತಿಮೆಗಳನ್ನು ಜೋಡಿಸಿದರು. 18ನೇ ಶತಮಾನದಲ್ಲಿ ಕೊರ್ರೇಯಾ ಎಂಬ ಮಾರ್ಕ್ವಿಸ್ ಪದವಿಯ ಶ್ರೀಮಂತ ಅಲ್ಲಿ ಮೆಟ್ಟಿಲಾಸನ ಹಾಕಿಸಿದ. ಗೂಳಿ, ಎಮ್ಮೆಗಳ ಕಾಳಗ ನಡೆಯಿತು. ರಾತ್ರಿ ಪಟಾಕಿ, ಬಾಣಬಿರುಸು. ಮುಂದೆ ಸರ್ಕಸ್ಸು, ನಾಟಕ. ಆಮೇಲೆ ಗಾಜು, ಕಬ್ಬಿಣದ ಚಾವಣಿ ಬಂತು.

1908ರ ಫೆಬ್ರವರಿ 16ರಂದು ಅದು ಸಂಗೀತ ಸಭಾಂಗಣವಾಗಿ ತೆರೆಯಿತು. ಹೆಸರು ಔಗುಸ್ತೇಯೊ. ಸುಮಾರು 3500 ಜನ ಕೂರುತ್ತಿದ್ದರು. ಗುಸ್ತಾವ್ ಮಾಲರ್, ತೊಸ್ಕನೀನಿ ಇಲ್ಲಿ ವಾದ್ಯವೃಂದ ನಡೆಸಿದರು. ರೋಮಿನ ಕಾರಂಜಿಗಳ ಬಗ್ಗೆ, ಪೈನ್ ಮರಗಳ ಬಗ್ಗೆ ರೆಸ್ಪೀಗಿ ಬರೆದ ಸಂಗೀತವನ್ನು ಜನ ಮೊಟ್ಟಮೊದಲು ಕೇಳಿದ್ದು ಇಲ್ಲೇ, 1917ರಲ್ಲಿ ಮತ್ತು 1924ರಲ್ಲಿ. ಯೋಚಿಸಿ ನೋಡಿ. ಆಗಸ್ಟಸ್ ಕಾಲದ ಗೋಡೆಗಳನ್ನೇ ಬುನಾದಿ ಮಾಡಿಕೊಂಡು, ರೋಮಿನ ಜನ, ರೋಮಿನ ಬಗ್ಗೆಯೇ ಇರುವ ಹೊಸ ಸಂಗೀತ ಕೇಳುತ್ತಿದ್ದಾರೆ. ಹಳೆಯ ಕಟ್ಟಡವೊಂದು ಇದಕ್ಕಿಂತ ಚೆನ್ನಾಗಿ ಬದುಕುವುದು ಹೇಗೆ?

ಈ ಬಳಕೆಗಳಿಂದ ನಷ್ಟ ಆಗಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆಗಿದೆ, ಜಾಸ್ತಿಯೇ ಆಗಿದೆ. ಒಳಗೋಡೆಗಳನ್ನು ಬೇಕಾದ ಹಾಗೆ ಕತ್ತರಿಸಿದ್ದಾರೆ, ಮೇಲಿನ ಅಂತಸ್ತುಗಳು ಮೂಲದಲ್ಲಿ ಹೇಗಿದ್ದವು ಎಂದು ಪಂಡಿತರು ಇಂದಿಗೂ ವಾದ ಮಾಡುವ ಹಾಗಾಗಿದೆ. ಆದರೂ ಪ್ರತಿ ತಲೆಮಾರಿಗೂ ಈ ಗೋಡೆಗಳನ್ನು ನಿಲ್ಲಿಸಿಕೊಳ್ಳಲು ಒಂದು ಕಾರಣ ಇತ್ತು.

1934ರ ಗುದ್ದಲಿ

ಇಟಲಿಯ ಸರ್ವಾಧಿಕಾರಿ ಮುಸೊಲಿನಿ ತನ್ನನ್ನು ಹೊಸ ಆಗಸ್ಟಸ್ ಎಂದು ತೋರಿಸಿಕೊಳ್ಳಲು ಬಯಸಿದ. ಆಗಸ್ಟಸ್ ಹುಟ್ಟಿ 2000 ವರ್ಷ ಆಗುವ ಸಂದರ್ಭ 1937-38ಕ್ಕೆ ಬರುವುದಿತ್ತು. 1934ರ ಅಕ್ಟೋಬರ್ 22ರಂದು ಅವನೇ ಗುದ್ದಲಿ ಹಿಡಿದು ಸುತ್ತಲಿನ ಬೀದಿಯ ಮನೆ ಒಡೆಯುವ ಕೆಲಸ ಶುರು ಮಾಡಿದ. ಫೋಟೋದವರು ಇದ್ದೇ ಇದ್ದರು. ನೂರಾರು ವರ್ಷಗಳಿಂದ ಸಮಾಧಿಗೆ ಒರಗಿಕೊಂಡು ಬೆಳೆದಿದ್ದ ಇಡೀ ಮೊಹಲ್ಲ ನೆಲಸಮವಾಯಿತು. 1936ರ ಮೇ 13ರಂದು ಕೊನೆಯ ಸಂಗೀತ ಕಛೇರಿ. ಆಮೇಲೆ ಸಭಾಂಗಣವೂ ಹೋಯಿತು. 1921ರ ನವೆಂಬರಿನಲ್ಲಿ ಮುಸೊಲಿನಿಯ ಫ್ಯಾಸಿಸ್ಟ್ ಚಳವಳಿ ಅಧಿಕೃತವಾಗಿ ಪಕ್ಷವಾದ ಸಮ್ಮೇಳನ ನಡೆದದ್ದು ಇದೇ ಸಭಾಂಗಣದಲ್ಲಿ. ಅದನ್ನೂ ಉಳಿಸಲಿಲ್ಲ.

ಎಲ್ಲ ಕಿತ್ತ ಮೇಲೆ ಸಿಕ್ಕಿದ್ದೇನು? ಹೊದಿಕೆ ಕಲ್ಲು ಇಲ್ಲದ, ತುದಿ ಇಲ್ಲದ, ಗಾರೆ ಮತ್ತು ಮೆದು ಕಲ್ಲಿನ ಒಂದರೊಳಗೊಂದು ದುಂಡು ಗೋಡೆಗಳು. ಹಳೆ ರೋಮಿನ ನೆಲಮಟ್ಟ ಇಂದಿನ ರಸ್ತೆಗಿಂತ ಹಲವು ಮೀಟರ್ ಕೆಳಗೆ. ಹಾಗಾಗಿ ಸುತ್ತ ಅಗೆದಾಗ ಸಮಾಧಿ ಎದ್ದು ಕಾಣುವ ಬದಲು ಹಳ್ಳದಲ್ಲಿ ಕುಳಿತಂತಾಯಿತು. ಮೇಲೆ ಸೈಪ್ರೆಸ್ ಮರ ನೆಟ್ಟರು. ಮೂರು ಕಡೆ ವಿತ್ತೋರಿಯೊ ಬಾಲ್ಲಿಯೊ ಮೊರ್ಪುರ್ಗೊ ಎಂಬ ವಾಸ್ತುಶಿಲ್ಪಿ ದೊಡ್ಡ ದೊಡ್ಡ ಕಂಬಸಾಲಿನ ಕಟ್ಟಡ ನಿಲ್ಲಿಸಿದರು. ಅದರಲ್ಲೊಂದರ ಮೇಲೆ ಲ್ಯಾಟಿನ್ ಶಾಸನ ಇನ್ನೂ ಇದೆ. ಚಕ್ರವರ್ತಿಯ ಸಮಾಧಿಯನ್ನು ಶತಮಾನಗಳ ಕತ್ತಲೆಯಿಂದ ಹೊರತೆಗೆಯಲಾಯಿತು ಎಂದು ಅದು ಹೇಳುತ್ತದೆ.

ಈ ಶಾಸನದ ಮಾತನ್ನು ನಾನು ಒಪ್ಪುವುದಿಲ್ಲ. ಆ ಶತಮಾನಗಳಲ್ಲಿ ಅಲ್ಲಿ ತೋಟವಿತ್ತು, ಜನವಿತ್ತು, ದೀಪವಿತ್ತು, ಪಿಟೀಲಿನ ದನಿಯಿತ್ತು. ಕತ್ತಲೆ ಶುರುವಾದದ್ದು 1936ರ ನಂತರ. ನಗರಕ್ಕೂ ಇದರಿಂದ ದೊಡ್ಡ ಪೆಟ್ಟು ಬಿತ್ತು. ಅಲ್ಲಿ ನುಡಿಸುತ್ತಿದ್ದ ಸಾಂತಾ ಚೆಚೀಲಿಯಾ ವಾದ್ಯವೃಂದ ಒಂದು ಬಾಡಿಗೆ ಜಾಗದಿಂದ ಇನ್ನೊಂದಕ್ಕೆ ಅಲೆಯಿತು. 2002ರಲ್ಲಿ ರೆನ್ಸೊ ಪಿಯಾನೊ ವಿನ್ಯಾಸದ ಹೊಸ ಸಭಾಂಗಣ ಬರುವವರೆಗೆ ಅದಕ್ಕೆ ಇಂಥದ್ದೊಂದು ಸ್ವಂತ ಮನೆಯೇ ಇರಲಿಲ್ಲ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಆ ಕಾಲದ ಅಗೆತಗಳಿಂದ ಲಾಭವೂ ಆಯಿತು. ಮಾರ್ಸೆಲ್ಲಸ್ ಮತ್ತು ಅವನ ತಾಯಿ ಒಕ್ಟೇವಿಯ ಇಬ್ಬರ ಹೆಸರೂ ಇರುವ ಕಲ್ಲು 1927ರಲ್ಲಿ ಸಿಕ್ಕಿತು. ಆಗಸ್ಟಸ್ ಕಾಲದ ಶಾಂತಿಪೀಠ ‘ಆರಾ ಪಾಚಿಸ್’ ಬೇರೊಂದು ಅರಮನೆಯ ಬುಡದಲ್ಲಿ, ನೀರು ತುಂಬಿದ ಮಣ್ಣಿನಲ್ಲಿ ಹೂತಿತ್ತು. ಮೇಲಿನ ಕಟ್ಟಡ ಕುಸಿಯದಂತೆ ಸುತ್ತಲಿನ ನೆಲವನ್ನೇ ಹೆಪ್ಪುಗಟ್ಟಿಸಿ ಅದರ ಭಾಗಗಳನ್ನು ಹೊರತೆಗೆದರು. ಎಂಜಿನಿಯರುಗಳ ಆ ಸಾಹಸಕ್ಕೆ ತಲೆಬಾಗಲೇಬೇಕು. ಜೋಡಿಸಿದ ಪೀಠವನ್ನು 1938ರ ಸೆಪ್ಟೆಂಬರ್ 23ರಂದು ಸಮಾಧಿಯ ಪಕ್ಕದಲ್ಲೇ ಉದ್ಘಾಟಿಸಿದರು.

ರಸ್ತೆಯ ಆಚೆ, ರಸ್ತೆಯ ಈಚೆ

ಈ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಸಮಾಧಿ, ಆರಾ ಪಾಚಿಸ್ ಎರಡರ ಪಾಡಿನ ವ್ಯತ್ಯಾಸ. ಆರಾ ಪಾಚಿಸ್ ತನ್ನ ಮೂಲ ಜಾಗದಲ್ಲಿಲ್ಲ. ತುಂಡು ತುಂಡಾಗಿ ಸಿಕ್ಕಿದ್ದನ್ನು ಬೇರೆ ಕಡೆ ಜೋಡಿಸಿದ್ದು. ಅದಕ್ಕೆ 2006ರಲ್ಲಿ ಅಮೆರಿಕದ ವಾಸ್ತುಶಿಲ್ಪಿ ರಿಚರ್ಡ್ ಮೇಯರ್ ವಿನ್ಯಾಸದ ಗಾಜಿನ ಹೊಸ ಮ್ಯೂಸಿಯಂ ಸಿಕ್ಕಿತು. ಆ ಕಟ್ಟಡ ಚೆಂದವೋ ಕೆಟ್ಟದ್ದೋ ಎಂದು ಇಡೀ ನಗರ ಜಗಳವಾಡಿತು. ನಗರದ ಮೇಯರ್ ಹುದ್ದೆಯ ಚುನಾವಣೆಗೆ ನಿಂತವರು ಅದನ್ನು ಕಿತ್ತು ಹಾಕುವ ಮಾತನ್ನೂ ಆಡಿದರು. ರಸ್ತೆಯ ಈಚೆ, ಎರಡು ಸಾವಿರ ವರ್ಷದಿಂದ ಕದಲದೆ ತನ್ನ ಜಾಗದಲ್ಲೇ ನಿಂತಿರುವ ಸಮಾಧಿಯ ಬಗ್ಗೆ ಜಗಳವಾಡುವವರೂ ಇರಲಿಲ್ಲ.

ಯಾಕೆ ಎಂದರೆ, ಜನರಿಗೆ ಅದರ ಜೊತೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಬೇಲಿಯಾಚೆಯಿಂದ ನೋಡಿದರೆ ಗೋಡೆ, ಮರ, ಹಳ್ಳ. ಒಳಗೆ ಹೋಗಬೇಕೆಂದರೆ ಮುಂಚೆಯೇ ಅರ್ಜಿ ಹಾಕಿ ಅನುಮತಿ ತೆಗೆದುಕೊಳ್ಳಬೇಕಿದ್ದ ಕಾಲವೂ ಇತ್ತು. 2007ರಿಂದ ಅದೂ ನಿಂತಿತು. ಸುತ್ತಲಿನ ಚೌಕ ಬಸ್ಸು ನಿಲ್ಲುವ, ಕಾರು ತಿರುಗಿಸುವ ಜಾಗವಾಯಿತು. 2006ರಲ್ಲೇ ಚೌಕವನ್ನು ಹೊಸದಾಗಿ ರೂಪಿಸಲು ಅಂತರರಾಷ್ಟ್ರೀಯ ಸ್ಪರ್ಧೆ ನಡೆದಿತ್ತು. ವಾಸ್ತುಶಿಲ್ಪಿ ಫ್ರಾಂಚೆಸ್ಕೊ ಚೆಲ್ಲೀನಿ ತಂಡ ಗೆದ್ದಿತ್ತು. ಆದರೆ ಕೆಲಸ ಶುರುವಾಗಲು ಹತ್ತು ಹನ್ನೆರಡು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ನಗರದ ಕೈಯಲ್ಲಿ ದುಡ್ಡಿಲ್ಲ. ಎಲ್ಲೇ ಅಗೆದರೂ ಏನೋ ಸಿಗುತ್ತದೆ. ಸಿಕ್ಕಿದ ಕೂಡಲೇ ಕೆಲಸ ನಿಲ್ಲಿಸಿ ಪರಿಶೀಲನೆ ಮಾಡಬೇಕು. ರೋಮಿನಂಥ ಊರಿನ ಕಷ್ಟ ಇದು, ಅದನ್ನು ಹಗುರವಾಗಿ ಕಾಣುವಂತಿಲ್ಲ.

ಕೊನೆಗೆ 2014ರ ಪ್ರಸಂಗವೇ ಎಲ್ಲರ ಗಮನ ಸೆಳೆಯಿತು. ನೀರು ನಿಂತ ಹಳ್ಳದ ಫೋಟೋಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು. ಇಟಲಿಯ ದೂರವಾಣಿ ಕಂಪನಿ ಟಿಮ್‌ನ ಪ್ರತಿಷ್ಠಾನ ಸುಮಾರು 60 ಲಕ್ಷ ಯೂರೋ ಕೊಡಲು ಮುಂದೆ ಬಂತು. ಗೋಡೆಗಳನ್ನು ಗಟ್ಟಿಗೊಳಿಸಿ, ಗಿಡಗಂಟಿ ತೆಗೆದು, 2021ರ ಮಾರ್ಚ್ 1ರಂದು ಸಮಾಧಿಯನ್ನು ತೆರೆದರು. ರೋಮಿನ ಹುಟ್ಟುಹಬ್ಬ ಏಪ್ರಿಲ್ 21. ಆ ದಿನದವರೆಗೆ ಎಲ್ಲರಿಗೂ ಪ್ರವೇಶ ಪುಕ್ಕಟೆ, ಊರಿನ ನಿವಾಸಿಗಳಿಗೆ ವರ್ಷಪೂರ್ತಿ ಪುಕ್ಕಟೆ ಎಂದು ಸಾರಿದರು. ಕೊರೊನಾ ಕಾಲ, ಹೊರದೇಶದ ಪ್ರವಾಸಿಗರು ಇಲ್ಲವೇ ಇಲ್ಲ. ಆದರೂ ಬುಕಿಂಗ್ ಬೇಗ ಬೇಗ ತುಂಬಿತು. ಬಂದವರು ಊರಿನವರೇ. ಜನರಿಗೆ ಆಸಕ್ತಿ ಇಲ್ಲ ಎಂಬ ಹಳೆಯ ವಾದಕ್ಕೆ ಇದಕ್ಕಿಂತ ನೇರ ಉತ್ತರ ಬೇಕಾ?

ಚಂದ್ರವಳ್ಳಿಯವರೆಗೆ

ಆಗಸ್ಟಸ್ ತನ್ನ ಸಾಧನೆಗಳ ಪಟ್ಟಿಯನ್ನು ತಾನೇ ಬರೆದಿಟ್ಟಿದ್ದ. ಅದನ್ನು ಕಂಚಿನ ಫಲಕಗಳ ಮೇಲೆ ಕೆತ್ತಿಸಿ ಸಮಾಧಿಯ ಮುಂದೆ ನಿಲ್ಲಿಸಬೇಕೆಂಬುದು ಅವನ ಆಸೆ. ಆ ಕಂಚು ಎಂದೋ ಹೋಯಿತು. ಮಾತುಗಳು ಉಳಿದದ್ದು ಸಾವಿರಾರು ಕಿಲೋಮೀಟರ್ ದೂರದ ಟರ್ಕಿಯ ಅಂಕಾರಾದಲ್ಲಿ, ಅಲ್ಲಿನ ಆಗಸ್ಟಸ್ ದೇವಸ್ಥಾನದ ಗೋಡೆಯ ಮೇಲೆ. ಇಂಡಿಯಾದ ರಾಜರ ರಾಯಭಾರಿಗಳು ನನ್ನ ಬಳಿಗೆ ಹಲವು ಸಲ ಬಂದರು, ಅದಕ್ಕೆ ಮುಂಚೆ ಯಾವ ರೋಮನ್ ಸೇನಾಪತಿಯ ಬಳಿಗೂ ಬಂದಿರಲಿಲ್ಲ ಎಂದು ಅದರಲ್ಲಿ ಹೇಳಿಕೊಂಡಿದ್ದಾನೆ.

ಅದು ಬರೀ ಬಡಾಯಿ ಅಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ಶಾತವಾಹನರ ಕಾಲದ ವಸ್ತುಗಳ ಜೊತೆ ಆಗಸ್ಟಸ್ ಮತ್ತು ಅವನ ನಂತರದ ಚಕ್ರವರ್ತಿ ಟೈಬೀರಿಯಸ್ ಹೆಸರಿನ ಬೆಳ್ಳಿ ನಾಣ್ಯಗಳು ಸಿಕ್ಕಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗಲೂ ರೋಮನ್ ಬೆಳ್ಳಿ ನಾಣ್ಯಗಳ ರಾಶಿ ಸಿಕ್ಕಿತು. ದಕ್ಷಿಣ ಭಾರತದಲ್ಲಿ ಸಿಗುವ ಆಗಸ್ಟಸ್ ನಾಣ್ಯಗಳಲ್ಲಿ ಒಂದು ಬಗೆ ತುಂಬ ಹೆಚ್ಚು. ಒಂದು ಕಡೆ ಆಗಸ್ಟಸ್‌ನ ಮುಖ, ಇನ್ನೊಂದು ಕಡೆ ಗುರಾಣಿ ಹಿಡಿದು ನಿಂತ ಇಬ್ಬರು ಹುಡುಗರು. ಆ ಹುಡುಗರೇ ಗಾಯಸ್ ಮತ್ತು ಲೂಸಿಯಸ್. ಇಬ್ಬರೂ ಸತ್ತ ಮೇಲೂ ಅವರ ಚಿತ್ರದ ನಾಣ್ಯಗಳು ಕೈಯಿಂದ ಕೈಗೆ ದಾಟಿ ನಮ್ಮ ಕಡೆಯ ಸಂತೆ, ಬಂದರುಗಳಿಗೆ ಬರುತ್ತಲೇ ಇದ್ದವು. ಅವರ ಬೂದಿ ಮಾತ್ರ ಈ ದುಂಡು ಗೋಡೆಗಳ ಒಳಗಿತ್ತು. ಕನ್ನಡನಾಡಿನಿಂದ ಹೋಗುವವರಿಗೆ ಈ ಜಾಗ ಪೂರ್ತಿ ಅಪರಿಚಿತ ಅಲ್ಲ ಎಂದು ನಾನು ಹೇಳುವುದು ಇದಕ್ಕೆ.

ಹೋಗುವವರಿಗೆ

2021ರ ನಂತರ ಮುಂದಿನ ಹಂತದ ಕೆಲಸಕ್ಕೆಂದು ಒಳಭಾಗವನ್ನು ಮತ್ತೆ ಮುಚ್ಚಿದರು. ಆದ್ದರಿಂದ ಒಳಗೆ ಬಿಡುತ್ತಾರಾ ಎಂದು ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಿ. ಬಿಡದಿದ್ದರೂ ಹೋಗಿ. ಸ್ಪಾನ್ಯಾ ಮೆಟ್ರೊ ನಿಲ್ದಾಣದಿಂದ ನಡೆದರೆ ಹತ್ತು ಹದಿನೈದು ನಿಮಿಷ. ಸುತ್ತ ಪೂರ್ತಿ ಒಂದು ಸುತ್ತು ಬನ್ನಿ. ಒಂದೇ ಕಡೆ ನಿಂತು ನೋಡಿದರೆ ಇದರ ಗಾತ್ರ ತಿಳಿಯುವುದಿಲ್ಲ. ಗೋಡೆಯಲ್ಲಿ ಸಣ್ಣ ಕಲ್ಲುಗಳನ್ನು ಓರೆಯಾಗಿ, ಬಲೆಯ ಹಾಗೆ ಜೋಡಿಸಿರುವ ಕಡೆ ಗಮನಿಸಿ. ಅದು ಆಗಸ್ಟಸ್ ಕಾಲದ ಕೈಕೆಲಸ. ಆಮೇಲೆ ರಸ್ತೆ ದಾಟಿ ಆರಾ ಪಾಚಿಸ್ ನೋಡಿ. ಅದರ ಬದಿಯ ಕೆತ್ತನೆಯಲ್ಲಿ ಆಗಸ್ಟಸ್ ಮನೆಯವರು ಮೆರವಣಿಗೆ ಹೊರಟಿದ್ದಾರೆ. ತಲೆಗೆ ಸೆರಗು ಹೊದ್ದ ಅಗ್ರಿಪ್ಪ, ಹಿರಿಯರ ಬಟ್ಟೆ ಹಿಡಿದುಕೊಂಡ ಮಕ್ಕಳು. ಕಲ್ಲಿನಲ್ಲಿ ನಡೆಯುತ್ತಿರುವ ಆ ಜನರಲ್ಲಿ ಹಲವರು ಒಬ್ಬೊಬ್ಬರಾಗಿ ಎದುರಿನ ಸಮಾಧಿ ಸೇರಿದವರು. ಸಮಯ ಕಮ್ಮಿ ಇದ್ದರೆ ಬೇರೆ ಏನನ್ನಾದರೂ ಬಿಡಿ, ಈ ಎರಡನ್ನು ಒಟ್ಟಿಗೆ ನೋಡುವುದನ್ನು ಬಿಡಬೇಡಿ.

ಚೆಲ್ಲೀನಿಯವರ ಚೌಕದ ಯೋಜನೆಯಲ್ಲಿ ನನಗೆ ತುಂಬ ಹಿಡಿಸಿದ ಅಂಶ ಒಂದಿದೆ. ಬಾಗಿಲಿನ ಕಡೆ ಚೌಕವನ್ನೇ ಸಮಾಧಿಯ ಹಳೆಯ ನೆಲಮಟ್ಟಕ್ಕೆ ಇಳಿಸಿ, ಅಗಲವಾದ ಮೆಟ್ಟಿಲುಗಳ ಮೂಲಕ ಜನ ನೇರ ಅಲ್ಲಿಗೆ ನಡೆದು ಬರುವಂತೆ ಮಾಡುವುದು. ಎಂಬತ್ತು ವರ್ಷ ಹಳ್ಳವಾಗಿದ್ದದ್ದು ಆಗ ಊರಿನ ಅಂಗಳವಾಗುತ್ತದೆ. ನಾನು ನಗರಸಭೆಯಿಂದ ಕೇಳುವುದು ಇನ್ನೊಂದೇ. ಟಿಕೆಟ್ಟು ಗೋಡೆಯ ಒಳಕ್ಕೆ ಹೋಗುವವರಿಗಿರಲಿ. ಹೊರಗಿನ ಮೆಟ್ಟಿಲಿಗೆ, ಮರದ ನೆರಳಿಗೆ, ಬೆಳಗ್ಗೆಯಿಂದ ರಾತ್ರಿಯವರೆಗೆ ಗೇಟೇ ಬೇಡ. ಆಫೀಸಿನವರು ಅಲ್ಲಿ ಕೂತು ಊಟ ಮಾಡಲಿ, ಮಕ್ಕಳು ಆಡಲಿ, ಬೇಸಿಗೆಯ ಸಂಜೆ ಸಾಂತಾ ಚೆಚೀಲಿಯಾದವರು ಬಂದು ಮತ್ತೆ ನುಡಿಸಲಿ. ಕಾವಲಿಗೆ, ಕಸ ಗುಡಿಸುವುದಕ್ಕೆ ಖರ್ಚು ಬರುತ್ತದೆ, ನಿಜ. ಅದನ್ನು ಪ್ರತಿವರ್ಷದ ಬಜೆಟ್ಟಿನಲ್ಲಿ ಈಗಲೇ ಬರೆದಿಡಬೇಕು.